ಮೊದಲು ಮನೆಗೆ ಅಳೆಯಿರಿ, ಆಮೇಲೆ ಮಾರಿ

ತೊಗರಿ ಒಕ್ಕಣೆ ಮುಗಿದ ದಿನ ನಮ್ಮ ಕಣಕ್ಕೆ ವ್ಯಾಪಾರಿಗಿಂತ ಮೊದಲು ಬರೋದು ಅವ್ವನ ಸೇರು. ವರ್ಷದ ಊಟಕ್ಕೆಷ್ಟು, ಬಿತ್ತನೆಗೆಷ್ಟು ಅಂತ ಅಳೆದಿಟ್ಟ ಮೇಲೇ ಮಾರಾಟದ ಮಾತು. ಸುಗ್ಗೀಲಿ ಎಲ್ಲಾ ಮಾರಿ, ಆಷಾಢದಲ್ಲಿ ಅಂಗಡಿಯಿಂದ ಬೇಳೆ ಸಾಲ ತರೋ ರೈತರು ಈಗಲೂ ಇದ್ದಾರೆ. ಸಾವಯವದವರೂ ಸೇರಿ!

ಇಟ್ಟ ಕಾಳು ಉಳೀಬೇಕಲ್ಲ? ಕಾಳು ಕೊರೆಯುವ ದುಂಬಿ ಹೊಲದಲ್ಲೇ ಕಾಯಿ ಮೇಲೆ ಮೊಟ್ಟೆಯಿಟ್ಟು, ಕಾಳಿನ ಜೊತೆ ಮನೆಗೆ ಬರುತ್ತೆ. ಅದಕ್ಕೇ ಅವ್ವ ಮೂರ್ನಾಲ್ಕು ಬಿಸಿಲು ಒಣಗಿಸಿ, ಹಲ್ಲಿಗೆ ಕಟ್ ಅಂದ್ರೇನೇ ತುಂಬೋದು. ಕಾಲೇಜಿನಲ್ಲಿ ನಾವು ಮಾಪಕ ಹಿಡಿದು ನೋಡಿದ ಶೇ. 9-10ರ ತೇವಾಂಶ ಅಂದರೆ ಹೆಚ್ಚುಕಮ್ಮಿ ಇದೇ. ಇಡೀ ಕಾಳಿಗೆ ಕಿಲೋಗೆ ಒಂದು ಚಮಚ ಹರಳೆಣ್ಣೆ ಸವರ್ತಾರೆ. ಮೊಟ್ಟೆ ಅಂಟಲ್ಲ, ಅಂಟಿದರೂ ಮರಿಯಾಗೋದು ಕಡಿಮೆ.

ಊಟದ ಪಾಲಿನ ತೊಗರಿಗೆ ಕೆಮ್ಮಣ್ಣು ಕಟ್ಟಿ, ಒಣಗಿಸಿ, ಬೀಸುಕಲ್ಲಲ್ಲಿ ಒಡೆದು ಬೇಳೆ ಮಾಡಿಡ್ತಾರೆ. ದುಂಬಿಗೆ ಮೊಟ್ಟೆಯಿಡೋಕೆ ಇಡೀ ಕಾಳೇ ಇಷ್ಟ, ಬೇಳೆಗೆ ಅದರ ಕಾಟ ಕಮ್ಮಿ. ನುಚ್ಚು, ಹೊಟ್ಟು ಹಸುವಿಗೆ. ರಾಗಿಗೆ ಇಷ್ಟೆಲ್ಲ ಉಪಚಾರ ಬೇಡ. ಚೆನ್ನಾಗಿ ಒಣಗಿದ್ದರೆ ವರ್ಷಗಟ್ಟಲೆ ಇರುತ್ತೆ.

"ಡಬ್ಬ ಅರ್ಧ ಬಿಡ್ಬೇಡ ಮಗ, ಕಂಠಮಟ್ಟ ತುಂಬು" ಅಂತಾರೆ ಅವ್ವ. ಒಳಗೆ ಗಾಳಿ ಕಮ್ಮಿಯಾದಷ್ಟೂ ಹುಳಕ್ಕೆ ಉಸಿರಾಟ ಕಷ್ಟ. ಹಳೇ ಡಬ್ಬಗಳನ್ನ ಒಕ್ಕಣೆಗೆ ಮೊದಲೇ ತೊಳೆದು ಬಿಸಿಲಿಗಿಡಿ. ಹೋದ ವರ್ಷದ ಹುಳ ಸಂದಿಯಲ್ಲಿ ಕಾಯ್ತಿರುತ್ತೆ.