ಮನೆಯಲ್ಲಿದ್ದೇ ಕಲಿಯಬಹುದಾದ ವ್ಯವಹಾರ ಮಾಹಿತಿ ಶಾಸ್ತ್ರ

ವಿದ್ಯೆಯನ್ನು ಅರಸಿಕೊಂಡು ಗುರುವಿನ ಮನೆಗೆ ಹೋಗುವುದು ನಮ್ಮ ಹಿರಿಯರ ಕ್ರಮವಾಗಿತ್ತು. ಮುಂದೆ ಶಾಲೆಗಳು ಹಳ್ಳಿಗಳಿಗೆ ಬಂದವು. ಆದರೆ ವಿಶ್ವವಿದ್ಯಾನಿಲಯಗಳು ಪಟ್ಟಣಗಳಲ್ಲಿಯೇ ಉಳಿದವು. ಅಡೂರಿನಂಥ ಗಡಿನಾಡ ಗ್ರಾಮದ ವಿದ್ಯಾರ್ಥಿಯು ಪದವಿ ಪಡೆಯಬೇಕಾದರೆ ಕಾಸರಗೋಡಿಗೋ ಪುತ್ತೂರಿಗೋ ಮಂಗಳೂರಿಗೋ ಹೋಗಬೇಕು. ಬಸ್ಸಿನ ಖರ್ಚು, ಊಟ ವಸತಿಯ ಖರ್ಚು, ಜತೆಗೆ ತೋಟದ ಕೆಲಸಕ್ಕೆ ಒಂದು ಕೈ ಕಡಿಮೆಯಾಗುವುದು, ಇವನ್ನೆಲ್ಲ ಕೂಡಿಸಿ ನೋಡಿದಾಗ ಎಷ್ಟೋ ಮನೆಗಳಲ್ಲಿ ಓದು ಹನ್ನೆರಡನೆಯ ತರಗತಿಗೇ ನಿಂತುಬಿಡುತ್ತದೆ.

ಈ ತೊಂದರೆಗೆ ಪರಿಹಾರ ಹುಡುಕುವ ಪ್ರಯತ್ನ ಇಂದು ನಿನ್ನೆಯದಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿಯೇ ಅಂಚೆಯ ಮೂಲಕ ಪಾಠ ಕಳುಹಿಸುವ ವ್ಯವಸ್ಥೆಯನ್ನು ಆರಂಭಿಸಿತು. 1985ರಲ್ಲಿ ದೆಹಲಿಯಲ್ಲಿ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವೂ, 1996ರಲ್ಲಿ ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೂ, 2020ರಲ್ಲಿ ಕೊಲ್ಲಂನಲ್ಲಿ ಶ್ರೀನಾರಾಯಣಗುರು ಮುಕ್ತ ವಿಶ್ವವಿದ್ಯಾನಿಲಯವೂ ಸ್ಥಾಪನೆಗೊಂಡವು. ಅಂಚೆಯ ಲಕೋಟೆಯಲ್ಲಿ ಬರುತ್ತಿದ್ದ ಪಾಠ ಈಗ ಆನ್‌ಲೈನ್ ಮೂಲಕ ಮೊಬೈಲಿಗೂ ಕಂಪ್ಯೂಟರಿಗೂ ಬರುತ್ತಿದೆ. ಹೀಗೆ ಕಲಿಯಬಹುದಾದ ವಿಷಯಗಳಲ್ಲಿ ನಮ್ಮ ಊರಿಗೆ ವಿಶೇಷವಾಗಿ ಒಗ್ಗುವ ಒಂದು ವಿಷಯವೆಂದರೆ ವ್ಯವಹಾರ ಮಾಹಿತಿ ಶಾಸ್ತ್ರ.

ಹಾಗೆಂದರೇನು? ವ್ಯಾಪಾರ ಅಥವಾ ಸಂಸ್ಥೆಯೊಂದರಲ್ಲಿ ದಿನವೂ ನಡೆಯುವ ಕೊಡುಕೊಳ್ಳುವಿಕೆಯನ್ನು ಕ್ರಮವಾಗಿ ದಾಖಲಿಸಿ, ಬೇಕಾದಾಗ ಬೇಕಾದವರಿಗೆ ಒದಗಿಸಿ, ಅದರ ಆಧಾರದಿಂದ ತೀರ್ಮಾನ ಕೈಗೊಳ್ಳಲು ನೆರವಾಗುವ ಏರ್ಪಾಡಿಗೆ ವ್ಯವಹಾರ ಮಾಹಿತಿ ವ್ಯವಸ್ಥೆ ಎನ್ನುತ್ತಾರೆ. ಇದರಲ್ಲಿ ಕಂಪ್ಯೂಟರು ಒಂದು ಉಪಕರಣ ಮಾತ್ರ. ಅಂಕಿ ಅಂಶಗಳು, ಕೆಲಸದ ಕ್ರಮ ಮತ್ತು ಕೆಲಸ ಮಾಡುವ ಜನ, ಇವೂ ಅಷ್ಟೇ ಮುಖ್ಯವಾದ ಅಂಗಗಳು. ಕಂಪ್ಯೂಟರನ್ನು ವ್ಯಾಪಾರದ ಲೆಕ್ಕಕ್ಕೆ ಮೊತ್ತಮೊದಲು ಕ್ರಮವಾಗಿ ಬಳಸಿದ್ದು ಯಾವುದೋ ದೊಡ್ಡ ಉಕ್ಕಿನ ಕಾರ್ಖಾನೆಯಲ್ಲ. ಚಹಾದಂಗಡಿಗಳನ್ನು ನಡೆಸುತ್ತಿದ್ದ ಲಯನ್ಸ್ ಎಂಬ ಬ್ರಿಟಿಷ್ ಕಂಪೆನಿ. ಅದು 1951ರ ನವೆಂಬರಿನಲ್ಲಿ, ತಾನೇ ಕಟ್ಟಿದ ‘ಲಿಯೋ’ ಎಂಬ ಯಂತ್ರದಿಂದ ತನ್ನ ಬೇಕರಿಯ ಲೆಕ್ಕ ಮಾಡಿಸಿತು. ರೊಟ್ಟಿ, ಚಹಾಗಳ ಲೆಕ್ಕದಿಂದ ಹುಟ್ಟಿದ ವಿದ್ಯೆ ಅಡಿಕೆಯ ಲೆಕ್ಕಕ್ಕೆ ಒದಗದೆ ಇದ್ದೀತೇ?

ಉದಾಹರಣೆಗೆ, ಅಡಿಕೆ ಕೊಳ್ಳುವ ಒಂದು ಸಹಕಾರಿ ಸಂಸ್ಥೆಯನ್ನು ಗಮನಿಸೋಣ. ಕರ್ನಾಟಕ ಮತ್ತು ಕೇರಳದ ಬೆಳೆಗಾರರಿಗಾಗಿ 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ ಇಂಥದ್ದೇ ಒಂದು ಸಂಸ್ಥೆ. ಬೆಳೆಗಾರನು ಚೀಲ ತಂದು ಇಳಿಸುತ್ತಾನೆ. ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಉಳ್ಳಿ, ಕೋಕ ಎಂದು ವಿಂಗಡಿಸಿ, ತೂಗಿ, ದರ ಹಾಕಿ, ಮೊತ್ತ ಬರೆಯಬೇಕು. ‘42 ಕಿಲೋ’ ಎಂದು ಬರೆದರೆ ಅದು ಬರಿಯ ಅಂಕಿ. ‘ಕಳೆದ ವರ್ಷ ಇದೇ ತಿಂಗಳು ಬಂದದ್ದಕ್ಕಿಂತ ಈ ವರ್ಷ ಕಡಿಮೆ ಬಂದಿದೆ, ಅದರಲ್ಲೂ ಕೋಕದ ಪಾಲು ಹೆಚ್ಚಾಗಿದೆ’ ಎಂದಾಗ ಅದು ಮಾಹಿತಿ. ‘ಹಾಗಾದರೆ ದಾಸ್ತಾನು ಎಷ್ಟು ಇಡಬೇಕು, ಹಣ ಎಷ್ಟು ಸಿದ್ಧವಿರಬೇಕು’ ಎಂದು ನಿರ್ಧರಿಸುವುದು ತೀರ್ಮಾನ. ಅಂಕಿಯಿಂದ ಮಾಹಿತಿಗೆ, ಮಾಹಿತಿಯಿಂದ ತೀರ್ಮಾನಕ್ಕೆ ಹೋಗುವ ದಾರಿಯನ್ನೇ ಈ ಶಾಸ್ತ್ರ ಕಲಿಸುತ್ತದೆ.

ಇನ್ನೊಂದು ಸಂಗತಿಯಿದೆ. ನಮ್ಮ ಜಿಲ್ಲೆಯಲ್ಲಿ ಒಬ್ಬನೇ ಮನುಷ್ಯನ ಹೆಸರು ಶಾಲೆಯ ದಾಖಲೆಯಲ್ಲಿ ಕನ್ನಡದಲ್ಲಿಯೂ, ರೇಷನ್ ಕಾರ್ಡಿನಲ್ಲಿ ಮಲಯಾಳದಲ್ಲಿಯೂ, ಬ್ಯಾಂಕಿನಲ್ಲಿ ಇಂಗ್ಲಿಷಿನಲ್ಲಿಯೂ ಇರುವುದುಂಟು. ಒಂದರಲ್ಲಿ ಮನೆಯ ಹೆಸರು ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಇಲ್ಲವೇ ಇಲ್ಲ. ಹಾಗೆಯೇ ಒಂದೇ ಊರಿನಲ್ಲಿ ನಾರಾಯಣ ಎಂಬವರು ನಾಲ್ಕು ಮಂದಿ ಇರುತ್ತಾರೆ. ಹೆಸರನ್ನೇ ನಂಬಿ ಲೆಕ್ಕ ಬರೆದರೆ ಒಬ್ಬರ ಹಣ ಇನ್ನೊಬ್ಬರ ಖಾತೆಗೆ ಸೇರೀತು. ಆದುದರಿಂದ ಪ್ರತಿಯೊಬ್ಬ ಸದಸ್ಯನಿಗೂ ಬೇರೆ ಯಾರಿಗೂ ಇಲ್ಲದ ಒಂದು ಸಂಖ್ಯೆ ಕೊಟ್ಟು, ಸದಸ್ಯರ ವಿವರವನ್ನು ಒಂದು ಪಟ್ಟಿಯಲ್ಲಿಯೂ ಖರೀದಿಯ ವಿವರವನ್ನು ಇನ್ನೊಂದು ಪಟ್ಟಿಯಲ್ಲಿಯೂ ಬರೆದು, ಎರಡನ್ನೂ ಆ ಸಂಖ್ಯೆಯಿಂದ ಜೋಡಿಸುತ್ತಾರೆ. ಹೀಗೆ ಪಟ್ಟಿಗಳನ್ನು ಸಂಬಂಧಿಸುವ ಸಿದ್ಧಾಂತವನ್ನು 1970ರಲ್ಲಿ ಐ.ಬಿ.ಎಂ. ಕಂಪೆನಿಯ ಸಂಶೋಧಕ ಎಡ್ಗರ್ ಕಾಡ್ ಪ್ರಕಟಿಸಿದನು. ಇಂದು ಬ್ಯಾಂಕು, ರೈಲ್ವೆ, ಆಸ್ಪತ್ರೆಗಳ ಲೆಕ್ಕಪತ್ರಗಳು ಬಹುಮಟ್ಟಿಗೆ ಇದೇ ತತ್ತ್ವದ ಮೇಲೆ ನಿಂತಿವೆ. ಮೂರು ಲಿಪಿಗಳ ನಡುವೆ ಬೆಳೆದ ಗಡಿನಾಡಿನ ವಿದ್ಯಾರ್ಥಿಗೆ ಈ ಪಾಠದ ಅಗತ್ಯ ಬೇಗನೆ ಮನದಟ್ಟಾಗುತ್ತದೆ.

ಇದನ್ನು ಎಲ್ಲಿ ಕಲಿಯಬಹುದು? ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಸಿ.ಎ., ಎಂ.ಸಿ.ಎ. ಪದವಿಗಳಿಗೆ ಆನ್‌ಲೈನ್ ವ್ಯಾಸಂಗದ ಸೌಕರ್ಯವಿದೆ. ಮದ್ರಾಸಿನ ಐ.ಐ.ಟಿ.ಯು 2020ರಲ್ಲಿ ದತ್ತಾಂಶ ವಿಜ್ಞಾನದ ಆನ್‌ಲೈನ್ ಪದವಿಯನ್ನು ಆರಂಭಿಸಿತು. ಹತ್ತನೆಯ ತರಗತಿಯಲ್ಲಿ ಗಣಿತ, ಇಂಗ್ಲಿಷ್ ಓದಿ, ಹನ್ನೆರಡನೆಯ ತರಗತಿಯಲ್ಲಿ ತೇರ್ಗಡೆಯಾದವರು ಇದಕ್ಕೆ ಅರ್ಜಿ ಹಾಕಬಹುದು. ಮೊದಲು ನಾಲ್ಕು ವಾರಗಳ ಪಾಠ ಕೇಳಿ ಅರ್ಹತಾ ಪರೀಕ್ಷೆ ಬರೆಯಬೇಕು. ಪಾಠ ಮನೆಯಲ್ಲಿ, ಮುಖ್ಯ ಪರೀಕ್ಷೆಗಳು ನಿಗದಿಯಾದ ಕೇಂದ್ರದಲ್ಲಿ. ಅದರಲ್ಲಿ ವ್ಯವಹಾರ ದತ್ತಾಂಶ ನಿರ್ವಹಣೆ ಎಂಬ ವಿಷಯವಿದ್ದು, ವಿದ್ಯಾರ್ಥಿಯು ನಿಜವಾದ ಒಂದು ವ್ಯಾಪಾರದ ಅಂಕಿ ಅಂಶಗಳನ್ನು ಸಂಗ್ರಹಿಸಿ, ಪರಿಶೀಲಿಸಿ, ಮಾಲೀಕನಿಗೆ ಉಪಯುಕ್ತ ಸಲಹೆ ಕೊಡುವ ಯೋಜನಾಕಾರ್ಯವೂ ಸೇರಿದೆ. ಇದಕ್ಕೆ ದೊಡ್ಡ ನಗರ ಬೇಕಿಲ್ಲ. ಊರಿನ ಜಿನಸಿನ ಅಂಗಡಿಯೋ ಹಾಲಿನ ಸೊಸೈಟಿಯೋ ಸಾಕು. ಪದವಿಗೆ ಸೇರುವ ಮೊದಲು ರುಚಿ ನೋಡಬಯಸುವವರಿಗೆ ಕೇಂದ್ರ ಸರಕಾರ 2017ರಲ್ಲಿ ಆರಂಭಿಸಿದ ‘ಸ್ವಯಂ’ ಇದೆ. ಅಲ್ಲಿ ಪಾಠ ಕೇಳುವುದಕ್ಕೆ ಶುಲ್ಕವಿಲ್ಲ. ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯುವುದಾದರೆ ಮಾತ್ರ ಶುಲ್ಕ ತೆರಬೇಕು.

ತೊಡಕುಗಳಿಲ್ಲವೆಂದಲ್ಲ. ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಮೊದಲನೆಯ ಅಂಜಿಕೆ ಇಂಗ್ಲಿಷ್. ತರಗತಿಯಲ್ಲಿ ಅಧ್ಯಾಪಕರು ಒಮ್ಮೆ ಹೇಳಿ ಮುಂದೆ ಹೋಗುತ್ತಾರೆ. ಆನ್‌ಲೈನ್ ಪಾಠವನ್ನಾದರೋ ನಿಲ್ಲಿಸಿ, ಹಿಂದಕ್ಕೆ ಹೋಗಿ, ಹತ್ತು ಸಲ ಕೇಳಬಹುದು. ಐ.ಐ.ಟಿ.ಗಳ ಎನ್.ಪಿ.ಟಿ.ಇ.ಎಲ್. ಪಾಠಗಳಲ್ಲಿ ಕೆಲವಕ್ಕೆ ಕನ್ನಡ ಅನುವಾದವೂ ಇದೆ. ಹೊಸ ಪದ ಬಂದಾಗಲೆಲ್ಲ ಅದರ ಅರ್ಥವನ್ನು ಕನ್ನಡದಲ್ಲಿ ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ. ವಿಷಯ ಅರ್ಥವಾಗುವುದು ತಾಯಿನುಡಿಯಲ್ಲಿ; ಪರೀಕ್ಷೆಯ ಭಾಷೆ ಅದರ ಹಿಂದಿನಿಂದ ಬಂದೇ ಬರುತ್ತದೆ. ಮಳೆಗಾಲದಲ್ಲಿ ವಿದ್ಯುತ್ತೂ ನೆಟ್‌ವರ್ಕೂ ಕೈಕೊಡುವುದುಂಟು. ಸಂಪರ್ಕವಿದ್ದಾಗಲೇ ಪಾಠಗಳನ್ನು ಇಳಿಸಿಟ್ಟುಕೊಳ್ಳಬೇಕು. ಎಲ್ಲಕ್ಕಿಂತ ದೊಡ್ಡ ತೊಡಕು ಸೋಮಾರಿತನ. ಗಂಟೆ ಬಾರಿಸುವವರಿಲ್ಲದ ಶಾಲೆ ಇದು. ಗಂಟೆಯನ್ನು ನಾವೇ ಬಾರಿಸಿಕೊಳ್ಳಬೇಕು.

ಇನ್ನೊಂದು ಎಚ್ಚರಿಕೆ ಅವಶ್ಯ. ಜಾಹೀರಾತು ನೋಡಿ ಹಣ ಕಟ್ಟಬಾರದು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ದೂರಶಿಕ್ಷಣ ವಿಭಾಗವು ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿಯನ್ನು ಪ್ರಕಟಿಸುತ್ತದೆ; ಸಂಸ್ಥೆ ಮತ್ತು ಸೇರಬೇಕೆಂದಿರುವ ಪದವಿ ಎರಡೂ ಅದರಲ್ಲಿವೆಯೇ ಎಂದು ನೋಡಬೇಕು. ಮಾನ್ಯತೆಯುಳ್ಳ ಸಂಸ್ಥೆಯ ಆನ್‌ಲೈನ್ ಪದವಿಯು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನವೆಂದು ಆಯೋಗವು 2022ರಲ್ಲಿ ಸ್ಪಷ್ಟಪಡಿಸಿದೆ.

ವಿದ್ಯಾರ್ಥಿ ಮಿತ್ರರೇ, ಹಿತ್ತಲ ಗಿಡ ಮದ್ದಲ್ಲವೆಂದು ಗಾದೆ. ಆದರೆ ಈ ವಿದ್ಯೆಗೆ ಬೇಕಾದ ಮದ್ದು ನಮ್ಮ ಹಿತ್ತಲಲ್ಲಿಯೇ ಇದೆ. ತೋಟದ ಲೆಕ್ಕ, ಅಂಗಡಿಯ ಲೆಕ್ಕ, ಸೊಸೈಟಿಯ ಲೆಕ್ಕ ಇವು ನಮ್ಮ ಪಾಠದ ಪುಸ್ತಕಗಳು. ಇಂದೇ ಮನೆಯ ಒಂದು ವರ್ಷದ ಅಡಿಕೆ ಮಾರಾಟದ ಚೀಟಿಗಳನ್ನು ಕೂಡಿಸಿ, ತಿಂಗಳು, ತೂಕ, ದರ ಎಂದು ಒಂದು ಪಟ್ಟಿ ಮಾಡಿ ನೋಡಿರಿ. ಯಾವ ತಿಂಗಳು ಮಾರಿದ್ದರೆ ಲಾಭವಿತ್ತೆಂದು ತಂದೆತಾಯಿಗಳಿಗೆ ತೋರಿಸಿಕೊಡಬಲ್ಲಿರಾದರೆ ವ್ಯವಹಾರ ಮಾಹಿತಿ ಶಾಸ್ತ್ರದ ಮೊದಲನೆಯ ಪಾಠವನ್ನು ನೀವು ಕಲಿತಂತೆಯೇ ಸರಿ.