ಬಸುರಿ ಮಾತ್ರೆ ನುಂಗಿದರೆ ಮಗುವಿಗೆ ಕೈ ಬೆಳೆಯುವುದಿಲ್ಲವೇ?

ಕೈ ಬೆಳೆಯದ ಮಕ್ಕಳ ಹಳೆಯ ಕಪ್ಪು-ಬಿಳುಪು ಫೋಟೊ, ಕೆಳಗೆ ‘ಗರ್ಭಿಣಿಯರು ಇಂಗ್ಲಿಷ್ ಮಾತ್ರೆ ಮುಟ್ಟಲೇಬೇಡಿ’ ಎಂಬ ಸಾಲು. ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಅಂಥ ಮಕ್ಕಳು ಹುಟ್ಟಿದ್ದು ನಿಜ. ಆದರೆ ಎಲ್ಲ ಮಾತ್ರೆಯಿಂದಲೂ ಹಾಗಾಗುತ್ತದೆ ಎನ್ನುವುದು ತಪ್ಪು.

ಆ ಮಾತ್ರೆ ಥಾಲಿಡೋಮೈಡ್. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ‘ಕಾಂಟರ್ಗನ್’ ಹೆಸರಿನ ನಿದ್ರೆ ಮಾತ್ರೆಯಾಗಿ ಬಂತು. ವೈದ್ಯರ ಚೀಟಿಯೂ ಬೇಕಿರಲಿಲ್ಲ! ವಾಕರಿಕೆ ನಿಲ್ಲಲೆಂದು ಬಸುರಿಯರೂ ನುಂಗಿದರು. ಹಲವು ದೇಶಗಳಲ್ಲಿ 10,000ಕ್ಕೂ ಹೆಚ್ಚು ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದರೆಂದು ಅಂದಾಜು. ಕೆಲವರಿಗೆ ಭುಜದ ಬಳಿಯೇ ಬೆರಳು ಮೂಡಿದ್ದವು. ಹ್ಯಾಂಬರ್ಗ್‌ನ ಮಕ್ಕಳ ವೈದ್ಯ ವಿಡುಕಿಂಡ್ ಲೆಂಟ್ಸ್ ಎಚ್ಚರಿಸಿದ ಮೇಲೆ, 1961ರ ನವೆಂಬರ್‌ನಲ್ಲಿ ಅಲ್ಲಿ ಮಾರಾಟ ನಿಂತಿತು.

ಕೈಗೇ ಏಕೆ ಪೆಟ್ಟು? ಗರ್ಭ ಕಟ್ಟಿದ ಸುಮಾರು 20ರಿಂದ 36ನೇ ದಿನದೊಳಗೆ ಭ್ರೂಣದಲ್ಲಿ ಕೈಕಾಲು ಮೊಳೆಯುತ್ತವೆ. ಅದಕ್ಕೆ ಬೇಕಾದ ‘ಸಾಲ್4’ ಎಂಬ ಪ್ರೋಟೀನನ್ನು ಈ ಔಷಧಿ ನಾಶವಾಗಿಸುತ್ತದೆ ಎಂಬುದು 2018ರಲ್ಲಷ್ಟೇ ತಿಳಿಯಿತು. ಮುಟ್ಟು ತಪ್ಪಿದ್ದು ಎಷ್ಟೋ ಜನರಿಗೆ ಆಗಿನ್ನೂ ಖಾತ್ರಿಯಾಗಿರುವುದಿಲ್ಲ.

ಥಾಲಿಡೋಮೈಡ್ ಈಗಲೂ ಭಾರತದಲ್ಲಿ ಬಳಕೆಯಲ್ಲಿದೆ: ಮಲ್ಟಿಪಲ್ ಮೈಲೋಮಾ ಎಂಬ ಕ್ಯಾನ್ಸರ್‌ಗೆ, ಕುಷ್ಠರೋಗದ ಒಂದು ತೊಡಕಿಗೆ. ಮನೆಯಲ್ಲಿ ಒಬ್ಬರಿಗೆ ಬರೆದ ಮಾತ್ರೆ ಇನ್ನೊಬ್ಬರು ನುಂಗಬಾರದು.

ಹಾಗೆಂದು ಬಿಪಿ, ಥೈರಾಯ್ಡ್ ಮಾತ್ರೆಗಳನ್ನು ಫಾರ್ವರ್ಡ್ ನೋಡಿ ಬಿಟ್ಟುಬಿಡಬೇಡಿ. ಮೂರ್ಛೆರೋಗಕ್ಕೆ ಕೊಡುವ ವಾಲ್‌ಪ್ರೊಯೇಟ್ ಭ್ರೂಣಕ್ಕೆ ಅಪಾಯಕಾರಿ, ನಿಜ. ಆದರೆ ಏಕಾಏಕಿ ಬಿಟ್ಟರೆ ಬರುವ ಫಿಟ್ಸ್‌ನಿಂದ ತಾಯಿ, ಮಗು ಇಬ್ಬರಿಗೂ ಕುತ್ತು. ಮಗು ಬೇಕೆಂದುಕೊಂಡಾಗಲೇ ವೈದ್ಯರಿಗೆ ತಿಳಿಸಿದರೆ, ಮಾತ್ರೆ ಬದಲಿಸಲು ಅವರಿಗೂ ಸಮಯ ಸಿಗುತ್ತದೆ.