ಒದ್ದೆ ಬೆಟ್ಟದಲ್ಲಿ ಯಾವ ದಾರಿ?

ಬ್ರಿಟನ್ನಿನ ಪಶ್ಚಿಮ ಮಗ್ಗುಲಿಗೆ ಅಂಟಿಕೊಂಡಿರುವ ವೇಲ್ಸ್ ವಿಸ್ತೀರ್ಣದಲ್ಲಿ ಕರ್ನಾಟಕದ ಒಂಬತ್ತನೇ ಒಂದು ಪಾಲಿನಷ್ಟೂ ಇಲ್ಲ. ಅದರ ಬೆಟ್ಟಗಳೂ ಸಹ್ಯಾದ್ರಿಯ ಮುಂದೆ ಗಿಡ್ಡ. ಇಂಗ್ಲಿಷರು ಸ್ನೋಡನ್ ಎಂದು ಕರೆದ, ಅಲ್ಲಿನವರು ಅರ್ ವಿದ್ವ ಎನ್ನುವ ಅತ್ಯುನ್ನತ ಶಿಖರದ ಎತ್ತರ 1,085 ಮೀಟರ್. ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ 800 ಮೀಟರಿಗೂ ಹೆಚ್ಚು ಕಡಿಮೆ. ಆದರೂ ಬೆಟ್ಟದಲ್ಲಿ ಸೈಕಲ್ ಓಡಿಸುವ ಹವ್ಯಾಸಕ್ಕೆ ಈ ಪುಟ್ಟ ನಾಡು ಯುರೋಪಿನಲ್ಲೇ ಹೆಸರಾಗಿದೆ. ಅದು ಹೇಗೆ ಸಾಧ್ಯವಾಯಿತು ಎಂಬುದು ಕ್ರೀಡೆಯ ವಿಷಯವಷ್ಟೇ ಆಗಿದ್ದರೆ ಈ ಅಂಕಣದಲ್ಲಿ ಅದಕ್ಕೆ ಜಾಗವಿರುತ್ತಿರಲಿಲ್ಲ. ಮಳೆಯಲ್ಲಿ ನೆನೆದ ನೆಲ, ಸಾರ್ವಜನಿಕರ ಹಕ್ಕು ಮತ್ತು ಸರ್ಕಾರದ ಹಣ ಮೂರೂ ಅಲ್ಲಿ ಒಂದೇ ಹಾದಿಯ ಮೇಲೆ ಸಂಧಿಸುತ್ತವೆ.

ಮೊದಲು ಮಳೆಯ ಮಾತು. ವೇಲ್ಸಿನ ವಾರ್ಷಿಕ ಸರಾಸರಿ ಮಳೆ ಸುಮಾರು 1,400 ಮಿಲಿಮೀಟರ್. ಅರ್ ವಿದ್ವದ ನೆರೆಯ ಕ್ರಿಬ್ ಗೋಖ್ ಎಂಬ ಏಣಿನ ಮೇಲೆ ಅದು 4,000 ಮಿಲಿಮೀಟರ್ ದಾಟುತ್ತದೆ. ಆಗುಂಬೆಯನ್ನು ಬಲ್ಲ ನಮಗೆ ಇದು ದೊಡ್ಡದೆನಿಸದು. ವ್ಯತ್ಯಾಸವಿರುವುದು ಹಂಚಿಕೆಯಲ್ಲಿ. ಮಲೆನಾಡಿನ ಮಳೆ ನಾಲ್ಕು ತಿಂಗಳು ಬೋರ್ಗರೆದು ಹಿಂದೆ ಸರಿಯುತ್ತದೆ. ಆಮೇಲೆ ನೆಲ ಒಣಗಿ ಗಟ್ಟಿಯಾಗುತ್ತದೆ. ವೇಲ್ಸಿನ ಮಳೆಗೆ ಅಂಥ ರಜೆಯಿಲ್ಲ. ವರ್ಷದ ಹನ್ನೆರಡು ತಿಂಗಳೂ ಅದು ಬಂದುಹೋಗುತ್ತಿರುತ್ತದೆ, ಚಳಿಗಾಲದಲ್ಲಿ ಇನ್ನಷ್ಟು ಹೆಚ್ಚು. ‘ಮಳೆ ನಿಂತ ಮೇಲೆ ಹೋಗೋಣ’ ಎಂದು ಕಾಯುವವನು ಅಲ್ಲಿ ಮನೆಯಲ್ಲೇ ಉಳಿಯಬೇಕಾದೀತು. ಆದ್ದರಿಂದ ದಿನದ ಆಯ್ಕೆಗಿಂತ ದಾರಿಯ ಆಯ್ಕೆಗೆ ಅಲ್ಲಿ ಹೆಚ್ಚು ಬೆಲೆ.

ನನ್ನ ಮಗಳು, ಅಳಿಯ ಇಬ್ಬರೂ ದಕ್ಷಿಣ ವೇಲ್ಸಿನಲ್ಲಿ ವೈದ್ಯರು. ನಿವೃತ್ತಿಯ ನಂತರ ಮೂರು ಬಾರಿ ಅವರಲ್ಲಿಗೆ ಹೋಗಿ ತಿಂಗಳುಗಟ್ಟಲೆ ಇದ್ದು ಬಂದಿದ್ದೇನೆ. ಶುಕ್ರವಾರ ರಾತ್ರಿ ಊಟವಾದ ಮೇಲೆ ಮೇಜಿನ ಮೇಲೆ ನಕ್ಷೆ ಹರಡಿ, ಮರುದಿನ ಸೈಕಲ್ಲುಗಳನ್ನು ಎಲ್ಲಿಗೆ ಒಯ್ಯಬೇಕೆಂದು ಚರ್ಚಿಸುವುದು ಆ ಮನೆಯ ಪದ್ಧತಿ. ಕಡತಗಳ ಮೇಲೆ ಪರ-ವಿರೋಧದ ಟಿಪ್ಪಣಿ ಬರೆದೇ ಮೂರು ದಶಕ ಕಳೆದ ನನಗೆ ಆ ಸಭೆಯ ಅಧ್ಯಕ್ಷತೆ ತಾನಾಗಿ ದೊರಕಿತು. ಅಲ್ಲಿ ಕಲಿತದ್ದನ್ನು ಮೂರು ಪ್ರಶ್ನೆಗಳಾಗಿ ವಿಂಗಡಿಸಬಹುದು: ಕಾನೂನು ಏನನ್ನು ಬಿಡುತ್ತದೆ, ನೆಲ ಏನನ್ನು ತಾಳುತ್ತದೆ, ನಮ್ಮಿಂದ ಏನು ಸಾಧ್ಯ.

ಕಾನೂನು ಸ್ಪಷ್ಟವಾಗಿದೆ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಖಾಸಗಿ ಜಮೀನಿನ ನಡುವೆ ಹಾಯುವ ಸಾರ್ವಜನಿಕ ದಾರಿಗಳನ್ನು ಅಧಿಕೃತ ನಕ್ಷೆಗಳಲ್ಲಿ ದಾಖಲಿಸುವ ಪದ್ಧತಿ 1949ರ ಕಾಯ್ದೆಯಿಂದ ಬಂತು. ಕಾಲುದಾರಿ ನಡೆಯುವವರಿಗೆ ಮಾತ್ರ. ಕುದುರೆ ದಾರಿಯಲ್ಲಿ ಸವಾರರೂ ಹೋಗಬಹುದು. 1968ರ ಗ್ರಾಮಾಂತರ ಕಾಯ್ದೆಯು ಈ ಕುದುರೆ ದಾರಿಗಳನ್ನು ಸೈಕಲ್ಲುಗಳಿಗೂ ತೆರೆಯಿತು, ಆದರೆ ಎರಡು ಷರತ್ತುಗಳೊಡನೆ: ಸೈಕಲ್ ಸವಾರನು ಪಾದಚಾರಿಗೂ ಕುದುರೆಗೂ ದಾರಿ ಬಿಡಬೇಕು, ಸೈಕಲ್ಲಿಗೆ ಅನುಕೂಲವಾಗುವಂತೆ ದಾರಿಯನ್ನು ಸರಿಪಡಿಸುವ ಹೊಣೆ ಸ್ಥಳೀಯ ಆಡಳಿತದ ಮೇಲಿಲ್ಲ. ಹಕ್ಕು ಕೊಟ್ಟು, ಅದರ ಖರ್ಚನ್ನು ಯಾರ ಲೆಕ್ಕಕ್ಕೂ ಹಾಕದ ಈ ಜಾಣತನ ಆಡಳಿತದಲ್ಲಿದ್ದವರಿಗೆ ಅಪರಿಚಿತವೇನಲ್ಲ. ಸರ್ವೆ ಇಲಾಖೆಯ 1:25,000 ಪ್ರಮಾಣದ ನಕ್ಷೆಯಲ್ಲಿ ಚಿಕ್ಕ ಹಸಿರು ಗೀಟುಗಳ ಸಾಲು ಕಾಲುದಾರಿ, ಉದ್ದ ಹಸಿರು ಗೀಟುಗಳ ಸಾಲು ಕುದುರೆ ದಾರಿ. ಈ ವ್ಯತ್ಯಾಸವನ್ನು ಗುರುತಿಸಲು ಕಲಿಯುವುದೇ ಮೊದಲ ಪಾಠ.

ಎರಡನೆಯದು ನೆಲದ ಪ್ರಶ್ನೆ. ನಕ್ಷೆಯ ಮೇಲಿನ ಹಸಿರು ಗೆರೆ ಎಲ್ಲ ಋತುವಿನಲ್ಲೂ ಒಂದೇ, ನೆಲ ಹಾಗಲ್ಲ. ವೇಲ್ಸಿನ ಎತ್ತರದ ಬಯಲುಗಳಲ್ಲಿ ಹಲವೆಡೆ ಪೀಟ್ ಮಣ್ಣು. ನೀರಿನಲ್ಲಿ ಮುಳುಗಿ ಪೂರ್ತಿ ಕೊಳೆಯಲಾಗದ ಹಾವಸೆ, ಹುಲ್ಲು ಪದರ ಪದರವಾಗಿ ಶೇಖರಗೊಂಡು ಆದ ಕಪ್ಪು ಮಣ್ಣು ಅದು. ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಮಿಲಿಮೀಟರ್. ಅಂದರೆ ಒಂದು ಅಡಿ ಆಳದ ಕೊರಕಲು ಬಿದ್ದರೆ ಕಳೆದುಹೋದದ್ದು ಸುಮಾರು ಮುನ್ನೂರು ವರ್ಷಗಳ ಸಂಗ್ರಹ. ನೆನೆದ ಪೀಟ್ ಮೇಲೆ ಹತ್ತು ಸೈಕಲ್ ಹೋದರೆ ಜಾಡು ಮೂಡುತ್ತದೆ. ಜಾಡಿನಲ್ಲಿ ನೀರು ಹರಿದು ಅದನ್ನು ಕೊರೆಯುತ್ತದೆ. ಹನ್ನೊಂದನೆಯವನು ಕೆಸರು ತಪ್ಪಿಸಲು ಪಕ್ಕಕ್ಕೆ ಸರಿದು ದಾರಿಯನ್ನು ಅಗಲ ಮಾಡುತ್ತಾನೆ. ಹಾಗೆ ಬಿಚ್ಚಿಕೊಂಡ ಪೀಟ್ ತಾನು ಹಿಡಿದಿಟ್ಟ ಇಂಗಾಲವನ್ನು ಗಾಳಿಗೆ ಬಿಡುತ್ತದೆ.

ಇದಕ್ಕೆ ಪರಿಹಾರ ಹುಡುಕಿದ್ದು ಅರಣ್ಯ ಇಲಾಖೆ. ಮೊದಲ ಮಹಾಯುದ್ಧದಲ್ಲಿ ಮರಮುಟ್ಟಿಗೆ ಪರದಾಡಿದ ಬ್ರಿಟನ್ 1919ರಲ್ಲಿ ಅರಣ್ಯ ಆಯೋಗವನ್ನು ಸ್ಥಾಪಿಸಿ, ಬೋಳು ಬೆಟ್ಟಗಳಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಸಿಟ್ಕಾ ಸ್ಪ್ರೂಸ್ ನೆಡಿಸಿತು. ಉತ್ತರದ ಡಾಲ್ಗೆಥ್ಲೈ ಪಟ್ಟಣದ ಬಳಿ ಇರುವ ಕೋಯ್ಡ್ ಅ ಬ್ರೆನಿನ್, ಅಂದರೆ ‘ರಾಜನ ಕಾಡು’, ಅಂಥ ಒಂದು ನೆಡುತೋಪು. 1990ರ ದಶಕದಲ್ಲಿ ಅಲ್ಲಿ ಅರಣ್ಯ ಸಿಬ್ಬಂದಿಯಾಗಿದ್ದ ದಾವಿದ್ ಡೇವಿಸ್ ಸೈಕಲ್ಲಿಗೆಂದೇ ಕಿರುಹಾದಿಗಳನ್ನು ಕಟ್ಟಿಸಿದರು. ಬ್ರಿಟನ್ನಿನಲ್ಲಿ ಉದ್ದೇಶಪೂರ್ವಕವಾಗಿ ನಿರ್ಮಿಸಿದ ಮೊದಲ ಮೌಂಟನ್ ಬೈಕ್ ಕೇಂದ್ರ ಅದು. ಕಟ್ಟುವ ತತ್ತ್ವ ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆಯುವವರಿಗೆ ಕೂಡಲೇ ಅರ್ಥವಾದೀತು. ಹಾದಿಯನ್ನು ಇಳಿಜಾರಿಗೆ ನೇರವಾಗಿ ಬಿಡದೆ ಅಡ್ಡಲಾಗಿ ಒಯ್ಯಬೇಕು. ಹೊರಮಗ್ಗುಲಿಗೆ ತುಸು ವಾಲಿಸಬೇಕು. ಅಲ್ಲಲ್ಲಿ ಸಣ್ಣ ಏರು ಕೊಟ್ಟು ನೀರನ್ನು ಹೊರಗೆ ಹಾಯಿಸಬೇಕು. ಮೆತ್ತನೆಯ ಮಣ್ಣನ್ನು ತೆಗೆದು ಕಲ್ಲು ಹಾಸಬೇಕು. ಹೀಗೆ ಕಟ್ಟಿದ ಹಾದಿ ಜಡಿಮಳೆಯಲ್ಲೂ ಚಕ್ರವನ್ನು ಹೊರುತ್ತದೆ. ಈ ಮಾದರಿ ಅನಂತರ ಕಲ್ಲಿದ್ದಲು ಗಣಿಗಳು ಮುಚ್ಚಿದ ಆವನ್ ಕಣಿವೆಗೆ, ಕುಮ್‌ಕಾರ್ನ್‌ಗೆ ಮತ್ತು ಬೇರೆಡೆಗೆ ಹರಡಿತು.

ಇಂಥ ಹಾದಿಗಳಿಗೆ ಬಣ್ಣದ ಶ್ರೇಣಿಯುಂಟು: ಹಸಿರು ಸುಲಭ, ನೀಲಿ ಸಾಧಾರಣ, ಕೆಂಪು ಕಠಿಣ, ಕಪ್ಪು ಅತಿ ಕಠಿಣ. ಇಲ್ಲಿ ಮೂರನೆಯ ಪ್ರಶ್ನೆ ಬರುತ್ತದೆ, ಅದು ಸವಾರನ ಶಕ್ತಿಯದು. ಬಣ್ಣ ಹೇಳುವುದು ಹಾದಿಯ ಸ್ವರೂಪವನ್ನು, ಅಂದಿನ ಹವೆಯನ್ನಲ್ಲ. ಒದ್ದೆಯಾದ ಸ್ಪ್ರೂಸ್ ಬೇರು, ಸ್ಲೇಟ್ ಕಲ್ಲು, ಮರದ ಹಲಗೆ ಮೂರೂ ಎಣ್ಣೆ ಸವರಿದಂತೆ ಜಾರುತ್ತವೆ. ಕಲ್ಲುಪುಡಿ ಬೆರೆತ ನೀರು ಬ್ರೇಕ್ ಪ್ಯಾಡುಗಳನ್ನು ಬೇಗ ಸವೆಸುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಬೇಸಗೆಯಲ್ಲಿ ಕೆಂಪು ಹಾದಿ ಮುಗಿಸಿದವನು ಮಳೆಗಾಲದಲ್ಲಿ ನೀಲಿಗೆ ಇಳಿದರೆ ಅದು ಅವಮಾನವಲ್ಲ. ಅಪಘಾತವಾದರೆ ಬೆಟ್ಟ ಹತ್ತಿ ಬರುವ ಪರ್ವತ ರಕ್ಷಣಾ ತಂಡದವರು ಸಂಬಳವಿಲ್ಲದ ಸ್ವಯಂಸೇವಕರು ಎಂಬುದನ್ನೂ ನೆನೆಯಬೇಕು.

ಸ್ಥಳನಾಮಗಳೂ ದಾರಿ ಹೇಳುತ್ತವೆ. ನಮ್ಮಲ್ಲಿ ಹಳ್ಳ, ಹೊಳೆ, ಕೆರೆ ಎಂದು ಕೊನೆಗೊಳ್ಳುವ ಊರಿನ ಹೆಸರು ನೀರಿನ ಇತಿಹಾಸವನ್ನು ಹೇಳುವಂತೆ, ವೆಲ್ಷ್ ಭಾಷೆಯಲ್ಲಿ ‘ಕೋರ್ಸ್’ ಎಂದರೆ ಜೌಗು, ‘ರೀಡ್’ ಎಂದರೆ ಹೊಳೆ ದಾಟುವ ಕಡವು, ‘ನಾಂತ್’ ಎಂದರೆ ತೊರೆ. ವಾರವಿಡೀ ಮಳೆ ಹೊಯ್ದಿರುವಾಗ ನಕ್ಷೆಯ ದಾರಿ ಈ ಮೂರು ಹೆಸರುಗಳ ನಡುವೆ ಹಾದಿದ್ದರೆ ಬೇರೆ ದಾರಿ ಹುಡುಕುವುದು ವಿವೇಕ.

ಒಂದು ನವೆಂಬರಿನ ಶುಕ್ರವಾರ ಮೊಮ್ಮಗ ಎಲಾನ್ ಕಣಿವೆಯ ಮೇಲ್ಬಯಲಿನ ಹಳೆಯ ಕುದುರೆ ದಾರಿಯೊಂದರ ಮೇಲೆ ಬೆರಳಿಟ್ಟ. ಬರ್ಮಿಂಗ್‌ಹ್ಯಾಂ ನಗರದ ನೀರಿಗಾಗಿ ಅಣೆಕಟ್ಟುಗಳನ್ನು ಕಟ್ಟಿ 1904ರಲ್ಲಿ ಉದ್ಘಾಟಿಸಿದ ಕಣಿವೆ ಅದು. ನಗರ ಅದನ್ನೇ ಆರಿಸಿದ್ದಕ್ಕೆ ಅಲ್ಲಿನ ಹೇರಳ ಮಳೆಯೂ ಒಂದು ಕಾರಣ. “ತಾತ, ಉದ್ದ ಗೀಟು ಇದೆ ನೋಡಿ. ಕಾನೂನು ಬಿಡುತ್ತೆ. ಮತ್ತೆ ಯಾಕೆ ಬೇಡ?” ಎಂದ. ಅಳಿಯ ನನ್ನ ಕಡೆ ತಿರುಗಿ, “ಮಾವ, ನೀವೇ ಹೇಳಿ” ಎಂದರು. ಹಕ್ಕು ನಾಳೆಯೂ ಇರುತ್ತದೆ, ಬರುವ ಜೂನಿನಲ್ಲೂ ಇರುತ್ತದೆ. ಹತ್ತು ದಿನ ನೆನೆದ ನೆಲ ನಾಳೆ ಅದನ್ನು ತಾಳುವುದಿಲ್ಲ ಎಂದೆ. ಹುಡುಗನ ಮುಖ ಬಾಡಿತು. ಮರುದಿನ ಅವರಿಬ್ಬರೂ ಆವನ್‌ನ ಕಲ್ಲುಹಾಸಿನ ಹಾದಿಗೆ ಹೋದರು. ನಾನು ಕೆಳಗಿನ ಕಣಿವೆಯಲ್ಲಿ, ಕಲ್ಲಿದ್ದಲು ಸಾಗಿಸುತ್ತಿದ್ದ ಹಳೆಯ ರೈಲುದಾರಿಯ ಮೇಲೆ, ಬಾಡಿಗೆ ಸೈಕಲ್ಲಿನಲ್ಲಿ ನಿಧಾನವಾಗಿ ಹೋಗಿಬಂದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇಲ್ಲೊಂದು ಕುತೂಹಲದ ಕಾಕತಾಳೀಯವಿದೆ. ಕುದುರೆ ದಾರಿಯನ್ನು ಸೈಕಲ್ಲಿಗೆ ತೆರೆದ 1968ರಲ್ಲೇ ಗ್ಯಾರೆಟ್ ಹಾರ್ಡಿನ್ ಎಲ್ಲರಿಗೂ ಸೇರಿದ ಗೋಮಾಳ ಹೇಗೆ ಹಾಳಾಗುತ್ತದೆಂಬ ತಮ್ಮ ಪ್ರಸಿದ್ಧ ಲೇಖನ ಪ್ರಕಟಿಸಿದರು. ಪ್ರತಿಯೊಬ್ಬನ ಲಾಭ ಅವನದೇ, ನಷ್ಟ ಮಾತ್ರ ಎಲ್ಲರಿಗೂ ಹಂಚಿಹೋಗುವುದರಿಂದ ವಿನಾಶ ಅನಿವಾರ್ಯ ಎಂಬುದು ಅವರ ವಾದ. ಬಳಸುವವರೇ ಕೂಡಿ ನಿಯಮ ಮಾಡಿಕೊಂಡು ಪಾಲಿಸಿದರೆ ಹಾಗಾಗಬೇಕಿಲ್ಲ ಎಂದು ಹಲವು ದೇಶಗಳ ಉದಾಹರಣೆಗಳಿಂದ ತೋರಿಸಿದ ಎಲಿನಾರ್ ಆಸ್ಟ್ರಂ 2009ರಲ್ಲಿ ನೊಬೆಲ್ ಪುರಸ್ಕಾರ ಪಡೆದರು. ಅವರ ಮಾತಿಗೆ ಅರ್ ವಿದ್ವವೇ ಸಾಕ್ಷಿ. ಅಲ್ಲಿನ ಕುದುರೆ ದಾರಿಗಳಲ್ಲಿ ಇಡೀ ದಿನ ಸೈಕಲ್ ಓಡಿಸಲು ಕಾನೂನಿನ ಹಕ್ಕಿದೆ. ಆದರೂ ಮೇ 1ರಿಂದ ಸೆಪ್ಟೆಂಬರ್ 30ರವರೆಗೆ, ಬೆಳಗ್ಗೆ ಹತ್ತರಿಂದ ಸಂಜೆ ಐದರ ತನಕ, ಪಾದಚಾರಿಗಳ ದಟ್ಟಣೆಯ ಹೊತ್ತಿನಲ್ಲಿ ಸವಾರರು ಸ್ವಇಚ್ಛೆಯಿಂದ ದೂರವಿರಬೇಕೆಂಬ ಒಪ್ಪಂದ ಬಹುಕಾಲದಿಂದ ಇದೆ. ದಂಡವಿಲ್ಲದ ನಿಯಮ ಅದು.

ಆದರೆ ಸ್ವಯಂಸಂಯಮವೊಂದೇ ಹಾದಿಯನ್ನು ಉಳಿಸದು; ಕಲ್ಲು ಹಾಸಲು, ಮೋರಿ ಬಿಡಿಸಲು ಹಣ ಬೇಕು. ಕೋಯ್ಡ್ ಅ ಬ್ರೆನಿನ್‌ನ ಹಾದಿಗಳಿಗೆ ಶುಲ್ಕವಿಲ್ಲ. 2013ರಲ್ಲಿ ಮರ್ಥರ್ ಟಿಡ್‌ವಿಲ್ ಪಟ್ಟಣದ ಬಳಿ ಆರಂಭವಾದ ಖಾಸಗಿ ಬೈಕ್ ಪಾರ್ಕಿನಲ್ಲಿ ಟಿಕೆಟ್ ಕೊಂಡರೆ ವ್ಯಾನು ಸೈಕಲ್ಲನ್ನೂ ಸವಾರನನ್ನೂ ಬೆಟ್ಟದ ತುದಿಗೆ ಮುಟ್ಟಿಸುತ್ತದೆ. ಹಣ ತೆತ್ತವನಿಗೆ ಸುಸ್ಥಿತಿಯ ಹಾದಿ ಸಿಗುತ್ತದೆ, ನಿಜ. ಆದರೆ ಗಣಿ ಮುಚ್ಚಿದ ಕಣಿವೆಯ ಹುಡುಗ, ಹಳೆಯ ಸೈಕಲ್ಲಿನವನು, ಎಲ್ಲಿಗೆ ಹೋಗಬೇಕು? 2025ರ ಮಾರ್ಚ್ 31ರಂದು ವೇಲ್ಸಿನ ನೈಸರ್ಗಿಕ ಸಂಪನ್ಮೂಲ ಇಲಾಖೆ ಹಣದ ಕೊರತೆಯ ಕಾರಣ ಕೊಟ್ಟು, ಸ್ಥಳೀಯರ ವಿರೋಧದ ನಡುವೆಯೂ, ಕೋಯ್ಡ್ ಅ ಬ್ರೆನಿನ್ ಸೇರಿ ಮೂರು ಕೇಂದ್ರಗಳ ಉಪಾಹಾರಗೃಹ ಮತ್ತು ಅಂಗಡಿಗಳನ್ನು ಮುಚ್ಚಿತು. ಹಾದಿಗಳು ತೆರೆದೇ ಉಳಿದವು. ಆದರೆ ಚಹಾ ಕುಡಿಯುವ ನೆಪದಲ್ಲಿ ಜನ ಸೇರುತ್ತಿದ್ದ, ‘ಇಂದು ಆ ತಿರುವಿನಲ್ಲಿ ಮರ ಬಿದ್ದಿದೆ’ ಎಂಬ ಸುದ್ದಿ ಸಿಗುತ್ತಿದ್ದ ತಾಣ ಇಲ್ಲವಾದರೆ, ಹಾದಿಯ ಕಾವಲು ಕಣ್ಣುಗಳೂ ಕಡಿಮೆಯಾಗುತ್ತವೆ.

ವೆಚ್ಚ ಕಡಿತದ ಪಟ್ಟಿಗಳಿಗೆ ಸಹಿ ಹಾಕಿದ ಅನುಭವ ನನಗೂ ಇದೆ. ಮೊದಲು ಕತ್ತರಿ ಬೀಳುವುದು ಫಲ ನಿಧಾನವಾಗಿ ಕಾಣುವ ಕೆಲಸಗಳಿಗೆ, ಅದರಲ್ಲೂ ನಿರ್ವಹಣೆಗೆ. ಕಲ್ಲು ಹಾಸಿದ ಹಾದಿ ಎರಡು ಮಳೆಗಾಲ ಕಳೆದರೂ ದೂರು ಹೇಳುವುದಿಲ್ಲ. ಮೂರನೆಯದರಲ್ಲಿ ಅದು ಒಮ್ಮೆಲೇ ಕುಸಿದಾಗ, ದುರಸ್ತಿಯ ಖರ್ಚು ಉಳಿಸಿದ ಹಣವನ್ನು ಮೀರಿರುತ್ತದೆ. ಹಾದಿ ಕೆಟ್ಟರೆ ಸವಾರರು ಮನೆಯಲ್ಲಿ ಕೂರುವುದಿಲ್ಲ; ಮೇಲಿನ ಪೀಟ್ ಬಯಲಿಗೆ ಹೋಗುತ್ತಾರೆ. ಕಟ್ಟಿದ ಹಾದಿಗೆ ಸುರಿಯುವ ಸಾರ್ವಜನಿಕ ಹಣ ಅಲ್ಲಿನ ಕಟ್ಟದ ಬೆಟ್ಟವನ್ನೂ ಕಾಯುತ್ತಿದೆ ಎಂಬುದು ಯಾವ ಆಯವ್ಯಯ ಪತ್ರದಲ್ಲೂ ಕಾಣದ ಲೆಕ್ಕ.

ಮಕ್ಕಳನ್ನು ನೋಡಲು ಬ್ರಿಟನ್ನಿಗೆ ಹೋಗುವ ನಮ್ಮ ಓದುಗರಲ್ಲಿ ಅನೇಕರು ಮೊಮ್ಮಕ್ಕಳೊಡನೆ ಈ ಬೆಟ್ಟಗಳಿಗೂ ಹೋಗಿಯಾರು. ಮಳೆ ಬಿದ್ದ ವಾರದಲ್ಲಿ ಕಲ್ಲು ಹಾಸಿದ ಹಾದಿ. ಬೇಸಗೆಯಲ್ಲಿ ನೆಲ ಒಣಗಿದ ಮೇಲೆ ಮೇಲ್ಬಯಲಿನ ಕುದುರೆ ದಾರಿ. ಯಾವಾಗಲೂ ನಮ್ಮ ಶಕ್ತಿಗಿಂತ ಒಂದು ಬಣ್ಣ ಕೆಳಗೆ. ಇಷ್ಟು ಪಾಲಿಸಿದರೆ ಸಾಕು. ಮೊಮ್ಮಗ ಬಯಸಿದ ಆ ದಾರಿ ಈಗಲೂ ನಕ್ಷೆಯಲ್ಲಿದೆ. ಅವನ ಮೊಮ್ಮಕ್ಕಳ ಕಾಲಕ್ಕೆ ನೆಲದ ಮೇಲೂ ಇರಬೇಕು.